ರಾಮ್‌ನದಿಗೆ ಮಕ್ಕಳನ್ನು ಕರೆದೊಯ್ಯುವವರಿಗೆ

ಮಕ್ಕಳನ್ನು ನದಿಗೆ ಕರೆದೊಯ್ಯುವುದೆಂದರೆ ಕೈಗೆ ಗ್ಲೌಸು, ಹೆಗಲಿಗೆ ಚೀಲ ಕೊಟ್ಟು ಪ್ಲಾಸ್ಟಿಕ್ ಆರಿಸಲು ಹಚ್ಚುವುದು ಎಂದು ಬಹಳ ಶಾಲೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಬ್ಯಾನರ್ ಕಟ್ಟಿ, ಫೋಟೊ ತೆಗೆದು, ಬಿಸ್ಕತ್ತು ಹಂಚಿದರೆ ಕೆಲಸ ಮುಗಿಯಿತು. ಮುಂದಿನ ಮಳೆಗೆ ಅಷ್ಟೇ ಕಸ ಬಂದು ಅಲ್ಲೇ ಕೂತಿರುತ್ತದೆ. ಮಗುವಿನ ಮನಸ್ಸಿನಲ್ಲಿ ಉಳಿಯುವುದು ಹೊಲಸಿನ ನೆನಪೊಂದೇ. ಇದಕ್ಕಿಂತ ಒಳ್ಳೆಯ ದಾರಿ ಇದೆ. ಮೊದಲು ಮಕ್ಕಳು ನದಿಯನ್ನು ಅಳೆಯಲಿ, ಅದರ ಲೆಕ್ಕ ಬರೆದಿಡಲಿ, ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕಾಲಿನಲ್ಲಿ ನಡೆದು ತಿಳಿಯಲಿ. ಕಸ ಎತ್ತುವುದು, ಗಿಡ ನೆಡುವುದು ಆಮೇಲಿನ ಮಾತು. ಅಳೆದು ನೋಡಿದ ಮಗು ಏನು ಮಾಡಬೇಕೆಂದು ತಾನೇ ಕೇಳುತ್ತದೆ.

ನಾನು ಅಫಜಲಪುರ ತಾಲ್ಲೂಕಿನವಳು, ಭೀಮಾ ದಂಡೆಯ ಊರು. ಈಗ ಪುಣೆಯಲ್ಲಿ ಪಾಷಾಣ ಕಡೆ ವಾಸ. ವಾರವೆಲ್ಲ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಭಾನುವಾರ ಬೆಳಿಗ್ಗೆ ಕನ್ನಡ ತರಗತಿ ನಡೆಸುತ್ತೇನೆ. ಆ ತರಗತಿಗೆ ಬಾಣೇರ್, ಬಾವಧನ್‌ನ ಫ್ಲ್ಯಾಟುಗಳಿಂದ ಮಕ್ಕಳು ಬರುತ್ತಾರೆ; ಅವರ ಅಪ್ಪ-ಅಮ್ಮ ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುವವರು. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಸೈಟಿನ ಪತ್ರಾಸ್ ಶೆಡ್ಡುಗಳಲ್ಲಿ ಇರುವವರ ಮಕ್ಕಳೂ ಬರುತ್ತಾರೆ. ಈ ಇಬ್ಬರೂ ಒಂದೇ ಬಕೆಟ್ಟಿನ ಹಗ್ಗ ಹಿಡಿಯುವುದು ಇಲ್ಲಿಯ ಸಣ್ಣ ಹೊಳೆ ರಾಮ್‌ನದಿಯ ದಂಡೆಯಲ್ಲಿ.

ದೊಡ್ಡ ನದಿ ಬೇಡ

ಪುಣೆ ಎಂದರೆ ಮುಳಾ, ಮುಠಾ. ಎರಡೂ ಮಕ್ಕಳ ಮೊದಲ ಪಾಠಕ್ಕೆ ದೊಡ್ಡವು. ದಂಡೆ ಎತ್ತರ, ಪಾತ್ರ ಅಗಲ, ಮಳೆಗಾಲದಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮುಠೆಯ ದಂಡೆಯ ರಸ್ತೆಯೇ ಮುಳುಗುತ್ತದೆ. ಒಂದೇ ಬೆಳಗಿನಲ್ಲಿ ತಲೆಯಿಂದ ಬಾಲದವರೆಗೆ ನೋಡಿ ಬರುವಂಥ ಸಣ್ಣ ಉಪನದಿ ಆರಿಸಿಕೊಳ್ಳಿ. ರಾಮ್‌ನದಿ ಅಂಥದ್ದು. ಭೂಗಾವ್ ಹತ್ತಿರದ ಖಾಟಪೇವಾಡಿ ಕಡೆಯ ಗುಡ್ಡಗಳಲ್ಲಿ ಹುಟ್ಟಿ, ಬಾವಧನ್, ಪಾಷಾಣ, ಸೋಮೇಶ್ವರವಾಡಿ, ಬಾಣೇರ್ ಹಾದು ಔಂಧ್‌ನಲ್ಲಿ ಮುಳೆಯನ್ನು ಸೇರುತ್ತದೆ. ಉದ್ದ ಸುಮಾರು 18 ಕಿಲೋಮೀಟರ್. ನಡುವೆ ಇದೇ ನದಿಗೆ ಕಟ್ಟಿದ ಪಾಷಾಣ ಕೆರೆ, ಕೆಳಗೆ ದಂಡೆಯ ಮೇಲೆ ಸೋಮೇಶ್ವರನ ಹಳೆಯ ಗುಡಿ.

ಮೂರು ಜಾಗ ಗುರುತು ಮಾಡಿ: ಊರು ಶುರುವಾಗುವ ಮೊದಲು ಭೂಗಾವ್‌ನ ಮೇಲ್ಭಾಗ, ಗುಡಿಯ ಹತ್ತಿರ ಸೋಮೇಶ್ವರವಾಡಿ, ಕೊನೆಗೆ ಔಂಧ್‌ನ ಸಂಗಮ. ವರ್ಷವಿಡೀ ಇವೇ ಮೂರು. ಜಾಗ ಬದಲಿಸಿದರೆ ಲೆಕ್ಕಕ್ಕೆ ಬೆಲೆ ಇಲ್ಲ. ಔಂಧ್‌ನ ರಾಮ್-ಮುಳಾ ಸಂಗಮದಲ್ಲಿ ‘ಜೀವಿತ್‌ನದಿ’ ಎಂಬ ಪುಣೆಯ ಸಂಸ್ಥೆಯ ಸ್ವಯಂಸೇವಕರು ನದಿಯ ಒಂದು ತುಂಡನ್ನು ದತ್ತು ತೆಗೆದುಕೊಂಡಂತೆ ನೋಡಿಕೊಳ್ಳುತ್ತಾರೆ. ಮುಠೆಯ ದಂಡೆಯ ವಿಠ್ಠಲವಾಡಿಯಲ್ಲೂ ಅವರ ಕೆಲಸವಿದೆ. ಮೊದಲ ಸಲ ಹೋಗುವವರು ಅಂಥವರ ಜೊತೆ ಒಮ್ಮೆ ನಡೆದು ಬಂದರೆ ದಂಡೆಗೆ ಇಳಿಯುವ ದಾರಿ ಯಾವುದು, ಜಾರುವುದೆಲ್ಲಿ ಎಂದು ಮೊದಲೇ ತಿಳಿಯುತ್ತದೆ.

ನೀರು ಎಲ್ಲಿಗೆ ಹೋಗುತ್ತದೆ

ನದಿಗೆ ಹೋಗುವ ಮೊದಲ ವಾರ ಒಂದು ದೊಡ್ಡ ಡ್ರಾಯಿಂಗ್ ಹಾಳೆಯನ್ನು ನೆಲದ ಮೇಲೆ ಹಾಸಿ. ರಾಮ್‌ನದಿಯಿಂದ ಶುರು ಮಾಡಿ ಮಕ್ಕಳೇ ಗೆರೆ ಎಳೆಯಲಿ. ರಾಮ್ ಮುಳೆಗೆ, ಮುಳಾ ಪುಣೆಯ ಸಂಗಮದಲ್ಲಿ ಮುಠೆಗೆ, ಎರಡೂ ಕೂಡಿದ ಮುಳಾ-ಮುಠಾ ಪೂರ್ವಕ್ಕೆ ಹರಿದು ಭೀಮೆಗೆ. ಭೀಮೆ ಉಜನಿ ಅಣೆಕಟ್ಟಿನಲ್ಲಿ ತಂಗಿ, ಪಂಢರಪುರದಲ್ಲಿ ಚಂದ್ರಭಾಗೆ ಅನ್ನಿಸಿಕೊಂಡು, ಸೊಲ್ಲಾಪುರ ಜಿಲ್ಲೆ ದಾಟಿ ವಿಜಯಪುರ, ಕಲಬುರಗಿ ಸೀಮೆಗೆ ಬರುತ್ತಾಳೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಅಮರ್ಜಾ ಸೇರುತ್ತದೆ. ಅಲ್ಲಿಂದ ಸನ್ನತಿ, ಯಾದಗಿರಿ ಮುಟ್ಟಿ ಕೊನೆಗೆ ರಾಯಚೂರು ಜಿಲ್ಲೆಯ ಕಡ್ಲೂರಿನ ಹತ್ತಿರ ಕೃಷ್ಣೆಗೆ. ಭೀಮಾಶಂಕರದ ಬೆಟ್ಟದಿಂದ ಅಲ್ಲಿಯವರೆಗೆ ಭೀಮೆಯ ಉದ್ದ 861 ಕಿಲೋಮೀಟರ್.

ಈ ಗೆರೆ ಯಾದಗಿರಿ ಮುಟ್ಟಿದಾಗ ಶೆಡ್ಡಿನ ಹುಡುಗಿಯೊಬ್ಬಳು, ನಾಲ್ಕನೇ ತರಗತಿ, ಸ್ಕೆಚ್ ಪೆನ್ ಕೆಳಗಿಟ್ಟು ಕೇಳಿದಳು: “ಅಕ್ಕೋರ, ಹಂಗಾದ್ರ ಈ ಹೊಲಸ ನೀರ ನಮ್ಮ ಅಜ್ಜಿ ಊರಿಗೇ ಹೋಗ್ತದೇನ್ರೀ?” ಹೌದು ಎಂದೆ. ದಾರಿಯಲ್ಲಿ ಬೇರೆ ಹೊಳೆಗಳ ನೀರು ಕೂಡುತ್ತದೆ, ಅಣೆಕಟ್ಟಿನಲ್ಲಿ ಕೆಸರು ತಂಗುತ್ತದೆ, ಬಿಸಿಲು ಗಾಳಿಗೆ ಸ್ವಲ್ಪ ತಿಳಿಯಾಗುತ್ತದೆ. ಆದರೂ ದಾರಿ ಅದೇ ಎಂದೆ. ಅವತ್ತು ಸಂಜೆ ಅವಳು ಅಜ್ಜಿಗೆ ಫೋನ್ ಹಚ್ಚಿ, ಹೊಳಿ ನೀರು ಯಾವ ಬಣ್ಣ ಅದ, ಮೀನು ಯಾವುವು ಸಿಗ್ತಾವ, ಮೊದಲು ಹೊಳಿ ನೀರೇ ಕುಡೀತಿದ್ರೇನು ಎಂದೆಲ್ಲ ಕೇಳಿ ಬರೆದು ತಂದಳು. ಆ ಪುಟವನ್ನು ನಕಾಶೆಯ ಯಾದಗಿರಿ ತುದಿಗೆ ಅಂಟಿಸಿದೆವು.

ಪುಣೆಯ ಕನ್ನಡ ಮಕ್ಕಳಿಗೆ ಕಲಿಸುವವರು ಈ ಪಾಠ ಬಿಡಬೇಡಿ. ಮುಂಬಯಿಯ ಮಿಠಿ, ದಹಿಸರ್ ನದಿಗಳು ಕೆಲವೇ ಕಿಲೋಮೀಟರ್ ಹರಿದು ಅರಬ್ಬೀ ಸಮುದ್ರ ಸೇರಿಬಿಡುತ್ತವೆ. ಪುಣೆಯ ನೀರು ಹಾಗಲ್ಲ, ನಮ್ಮೂರಿನ ಹೊಲಗಳಿಗೆ ಹೋಗುತ್ತದೆ.

ಯಾವಾಗ, ಹೇಗೆ, ಯಾರ ಜೊತೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಗೆ ಇಳಿಸಲೇಬೇಡಿ. ಸಣ್ಣ ನದಿ ಎಂದು ಸಡಿಲ ಬಿಡುವ ಹಾಗಿಲ್ಲ. ಗುಡ್ಡದಲ್ಲಿ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ದಕ್ಷಿಣದ ಅಂಬಿಲ್ ಓಢಾ, ಅದೂ ಸಣ್ಣ ಹಳ್ಳವೇ, ಹೇಗೆ ಉಕ್ಕಿ ಜೀವ ತೆಗೆಯಿತು ಎಂಬುದು ಇಲ್ಲಿಯವರಿಗೆ ಮರೆತಿಲ್ಲ. ದೀಪಾವಳಿ ಮುಗಿದ ಮೇಲಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ಶಾಲೆ ಮುಗಿಯುವ ಮುನ್ನ ಒಮ್ಮೆ ಹೋಗಲೇಬೇಕು, ಕಾರಣ ಮುಂದೆ ಹೇಳುತ್ತೇನೆ.

ಆರು ಮಕ್ಕಳಿಗೆ ಒಬ್ಬ ದೊಡ್ಡವರು. ಐದನೇ ತರಗತಿಗಿಂತ ಕೆಳಗಿನವರು ಭೂಗಾವ್‌ನ ಮೇಲಿನ ಶುದ್ಧ ನೀರಿಗೆ ಮಾತ್ರ. ಕೆಳಗಿನ ಎರಡು ಜಾಗಗಳಲ್ಲಿ ಹರಿಯುವುದರಲ್ಲಿ ಕೊಳಚೆಯೂ ಇದೆ, ಅಲ್ಲಿ ಯಾವ ಮಗುವೂ ನೀರಿಗೆ ಇಳಿಯಬಾರದು. ಹಗ್ಗ ಕಟ್ಟಿದ ಬಕೆಟ್ಟನ್ನು ಸೇತುವೆಯ ಮೇಲಿಂದ ಇಳಿಬಿಟ್ಟು ನೀರೆತ್ತಿ. ಕಾಲಿಗೆ ಚಪ್ಪಲಿ ಬೇಡ, ಬೂಟು. ಕೈಯಲ್ಲಿ ಕಾಲಲ್ಲಿ ಗಾಯವಿದ್ದ ಮಗು ಅವತ್ತು ಬರೆಯುವ ಕೆಲಸ ಮಾಡಲಿ. ಇಲಿಜ್ವರ ಗಾಯದ ಮೂಲಕ ಹತ್ತಬಹುದು. ಡಬ್ಬಿ ಬಿಚ್ಚುವುದು ದಂಡೆಯಲ್ಲಲ್ಲ, ಸೋಪು ಹಚ್ಚಿ ಕೈ ತೊಳೆದು ಶಾಲೆಗೆ ಮರಳಿದ ಮೇಲೆ. ಪಾಲಕರ ಒಪ್ಪಿಗೆ ಪತ್ರವನ್ನು ಅವರು ಓದುವ ಭಾಷೆಯಲ್ಲಿ ಕೊಡಿ. ಶೆಡ್ಡಿನ ಮನೆಗಳಲ್ಲಿ ಓದಲು ಬಾರದವರಿದ್ದರೆ ಹೋಗಿ ಬಾಯಿಮಾತಿನಲ್ಲಿ ತಿಳಿಸಿ ಹೆಬ್ಬೆಟ್ಟು ತೆಗೆದುಕೊಳ್ಳಿ.

ನೀಲಿ ಬಾಟಲಿ

ನೀರಿನ ಪರೀಕ್ಷೆ ಎಂದ ತಕ್ಷಣ ದುಬಾರಿ ಕಿಟ್ ಹುಡುಕುವವರಿದ್ದಾರೆ. ಕರಗಿದ ಆಮ್ಲಜನಕ ಅಳೆಯುವ ಕಿಟ್ ಒಂದು ಇದ್ದರೆ ಒಳ್ಳೆಯದೇ. ಸ್ನಾನಕ್ಕೆ ಯೋಗ್ಯ ಎನ್ನಿಸಿಕೊಳ್ಳಲು ನದಿ ನೀರಿನ ಲೀಟರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) 6.5ರಿಂದ 8.5ರ ಒಳಗಿರಬೇಕು ಎಂಬುದು ನಮ್ಮ ದೇಶದ ಮಾನದಂಡ. ಆದರೆ ಮಕ್ಕಳ ಕಣ್ಣಿಗೆ ವಿಷಯ ಕಟ್ಟುವಂತೆ ಮಾಡುವುದು ಅಂಕಿಯಲ್ಲ, ಬಣ್ಣ. ಅದಕ್ಕೆ ಬೇಕಾದದ್ದು ಮೀನು ಸಾಕುವವರ ಅಂಗಡಿಯಲ್ಲಿ ಸಿಗುವ ಮಿಥಿಲೀನ್ ಬ್ಲೂ ಎಂಬ ನೀಲಿ ದ್ರಾವಣ; ಮೀನಿಗೆ ಬೂಸ್ಟು ಹಿಡಿದಾಗ ಹಾಕುತ್ತಾರಲ್ಲ, ಅದೇ.

ಒಂದೇ ಅಳತೆಯ ನಾಲ್ಕು ಗಾಜಿನ ಬಾಟಲಿ ತೆಗೆದುಕೊಳ್ಳಿ. ಮೂರರಲ್ಲಿ ಮೂರು ಜಾಗಗಳ ನೀರು, ನಾಲ್ಕನೆಯದರಲ್ಲಿ ಕುಡಿಯುವ ನೀರು. ಕಂಠದವರೆಗೆ ತುಂಬಿ, ಪ್ರತಿಯೊಂದಕ್ಕೂ ಎಣಿಸಿ ಅಷ್ಟೇ ಹನಿ ನೀಲಿ ಹಾಕಿ. ನೀರು ತಿಳಿನೀಲಿಯಾದರೆ ಸಾಕು. ಒಳಗೆ ಗಾಳಿಗುಳ್ಳೆ ಉಳಿಯದಂತೆ ಮುಚ್ಚಳ ಬಿಗಿಯಬೇಕು. ಇದನ್ನು ಮಕ್ಕಳೇ ಮಾಡಲಿ, ಗುಳ್ಳೆ ಬಿಡದಿರಲು ಅವರು ಪಡುವ ಪಾಡೇ ಒಂದು ಪಾಠ. ಹೆಸರು, ದಿನ, ಗಂಟೆ ಬರೆದ ಚೀಟಿ ಅಂಟಿಸಿ ಕತ್ತಲ ಕಪಾಟಿನಲ್ಲಿಡಿ. ದ್ರಾವಣ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಹಳೆಯ ಅಂಗಿ ಹಾಕಿ ಬರಲು ಹೇಳಿ.

ಕೆಲವು ಗಂಟೆಗೊಮ್ಮೆ ಕಪಾಟು ತೆರೆದು ನೋಡಿದರೆ ಬಾಟಲಿಗಳು ಒಂದೊಂದು ಬಣ್ಣದಲ್ಲಿ ಕಾಣುತ್ತವೆ. ಕೊಳಚೆ ಹೆಚ್ಚಿದ್ದ ನೀರು ಮೊದಲು ನೀಲಿ ಕಳೆದುಕೊಳ್ಳುತ್ತದೆ, ಬುಡದಿಂದ ಮೇಲಕ್ಕೆ ಮಸುಕಾಗುತ್ತ ಹೋಗುತ್ತದೆ. ಮೇಲಿನ ಹಳ್ಳದ ನೀರು ದಿನಗಟ್ಟಲೆ ನೀಲಿಯಾಗಿಯೇ ಇರುತ್ತದೆ. ಕಾರಣ ಸರಳ. ಕೊಳಚೆಯಲ್ಲಿ ಬ್ಯಾಕ್ಟೀರಿಯಾಕ್ಕೆ ತಿನ್ನಲು ಬೇಕಾದಷ್ಟು ಇದೆ. ತಿನ್ನುತ್ತ ತಿನ್ನುತ್ತ ನೀರಿನ ಆಮ್ಲಜನಕವನ್ನೆಲ್ಲ ಅವು ಬಳಸಿಬಿಡುತ್ತವೆ. ಆಮ್ಲಜನಕ ತೀರಿದ ನೀರಿನಲ್ಲಿ ಮಿಥಿಲೀನ್ ಬ್ಲೂ ಬಣ್ಣಗೆಡುತ್ತದೆ. ಬಣ್ಣ ಹೋದ ಬಾಟಲಿಯಿಂದ ಸ್ವಲ್ಪ ನೀರು ಚೆಲ್ಲಿ, ಮುಚ್ಚಿ, ಜೋರಾಗಿ ಅಲುಗಾಡಿಸಿ. ಗಾಳಿ ಸೇರಿ ನೀಲಿ ಮತ್ತೆ ಮೂಡುತ್ತದೆ. ಮಕ್ಕಳು ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ, ಮಾಡಲು ಬಿಡಿ. ಆಗಲೇ ಕೇಳಿ: ಈ ಬಾಟಲಿಯಲ್ಲಿ ಒಂದು ಮೀನು ಇದ್ದಿದ್ದರೆ ಬಣ್ಣ ಹೋದ ಹೊತ್ತಿಗೆ ಅದರ ಗತಿ ಏನು? ಉತ್ತರ ನೀವು ಹೇಳಬೇಕಾಗಿಲ್ಲ.

ಪಿಎಚ್‌ಗೆ ದಾಸವಾಳದ ಎಸಳನ್ನು ಬಿಸಿ ನೀರಲ್ಲಿ ನೆನೆಸಿದ ರಸ ಸಾಕು. ನಿಂಬೆಹಣ್ಣಿಗೆ ಕೆಂಪು, ಸೋಪಿನ ನೀರಿಗೆ ಹಸಿರು. ಆದರೆ ಕೊಳಚೆ ನೀರಿನ ಪಿಎಚ್ ಬಹಳ ಸಲ ಸಾಧಾರಣವಾಗಿಯೇ ಇರುತ್ತದೆ. ಅದೊಂದನ್ನೇ ನೋಡಿ ನೀರು ಚೆನ್ನಾಗಿದೆ ಎನ್ನಬಾರದು ಎಂದು ಮೊದಲೇ ತಿಳಿಸಿ. ಮಲದ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ, ನೀರು ಹಾಕಿಟ್ಟರೆ ಒಂದೆರಡು ದಿನದಲ್ಲಿ ಕಪ್ಪಾಗುವ ಪುಟ್ಟ ಸೀಸೆಗಳೂ ಸಿಗುತ್ತವೆ. ಅವನ್ನು ತೆರೆಯುವುದು, ಬ್ಲೀಚಿಂಗ್ ಪೌಡರ್ ಹಾಕಿ ಚೆಲ್ಲುವುದು ಶಿಕ್ಷಕರ ಕೆಲಸ.

ಹುಳಗಳು ಹೇಳುವುದು

ನೀರಿನ ಪರೀಕ್ಷೆ ಅವತ್ತಿನ ಸ್ಥಿತಿ ಹೇಳುತ್ತದೆ, ಹುಳಗಳು ಹಲವು ವಾರಗಳ ಸ್ಥಿತಿ ಹೇಳುತ್ತವೆ. ಚಹಾ ಸೋಸುವ ಜರಡಿ, ಬಿಳಿ ತಟ್ಟೆ, ಭೂತಗನ್ನಡಿ ಇಷ್ಟೇ ಸಾಮಾನು. ಭೂಗಾವ್ ಮೇಲೆ ಕಲ್ಲು ಮಗುಚಿ ನೋಡಿದರೆ ಹೊಟ್ಟೆಯ ಎರಡೂ ಬದಿಗೆ ಗರಿಯಂಥ ಕಿವಿರು, ಹಿಂದೆ ಮೂರು ಬಾಲ ಇರುವ ಮೇಫ್ಲೈ ಎಂಬ ಹಾರುವ ಕೀಟದ ಮರಿ ಸಿಗಬಹುದು. ಅದು ಆಮ್ಲಜನಕ ಕಡಿಮೆಯಾದ ನೀರಲ್ಲಿ ಬದುಕುವುದಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿ ಸ್ವಲ್ಪ ಕೊಳೆ ತಡೆದುಕೊಳ್ಳುತ್ತದೆ. ಕೆಳಗಿನ ಜಾಗಗಳ ಕೆಸರನ್ನು ನೀವೇ ಗ್ಲೌಸು ಹಾಕಿ ತೆಗೆದು ತಟ್ಟೆಗೆ ಹಾಕಿ: ಕೆಂಪು ಹುಳಗಳು ಕುಣಿಯುತ್ತಿರುತ್ತವೆ. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಇರುವುದರಿಂದ ಇದ್ದಷ್ಟೇ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬದುಕುತ್ತವೆ. ನೋಡಿ, ಚಿತ್ರ ಬರೆದುಕೊಂಡು, ತಂದ ಜಾಗಕ್ಕೇ ಬಿಡಬೇಕು.

ಹಕ್ಕಿ ಇದೆ ಎಂದರೆ ನೀರು ಶುದ್ಧ ಎಂದು ಮಕ್ಕಳು ನಂಬುತ್ತಾರೆ. ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಯನ್ನು ತೋರಿಸಿ. ಅದು ಕೊಳಚೆಯಲ್ಲೂ ಆರಾಮಾಗಿ ಮೇಯುತ್ತದೆ.

ಬೇಸಿಗೆಯಲ್ಲಿ ಹರಿಯುವುದು ಏನು

ಏಪ್ರಿಲ್‌ನಲ್ಲಿ ಹೋಗಲೇಬೇಕು ಎಂದೆನಲ್ಲ, ಅದು ಇದಕ್ಕೆ. ಮೊದಲು ಹರಿವು ಅಳೆಯಲು ಕಲಿಸಿ. ದಂಡೆಯಲ್ಲಿ 10 ಮೀಟರ್ ಅಂತರಕ್ಕೆ ಎರಡು ಕೋಲು ನೆಟ್ಟು, ಕಿತ್ತಳೆ ಸಿಪ್ಪೆಯೊಂದನ್ನು ನೀರಿಗೆ ಹಾಕಿ ಗಡಿಯಾರ ಹಿಡಿಯಿರಿ. 40 ಸೆಕೆಂಡ್ ಬೇಕಾದರೆ ವೇಗ ಸೆಕೆಂಡಿಗೆ ಕಾಲು ಮೀಟರ್. ಸೇತುವೆಯ ಮೇಲಿಂದ ಕಲ್ಲು ಕಟ್ಟಿದ, ಗಂಟು ಹಾಕಿದ ಹಗ್ಗ ಬಿಟ್ಟು ಆಳ ನೋಡಿ. ಅಗಲ 3 ಮೀಟರ್, ಆಳ 20 ಸೆಂಟಿಮೀಟರ್ ಇದ್ದರೆ ಮೂರನ್ನೂ ಗುಣಿಸಿ. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಬಂದದ್ದನ್ನು 0.85ರಿಂದ ಮತ್ತೊಮ್ಮೆ ಗುಣಿಸಬೇಕು. ಸೆಕೆಂಡಿಗೆ ಸುಮಾರು 127 ಲೀಟರ್ ಆಯಿತು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಒಂದೂವರೆ ನಿಮಿಷದೊಳಗೆ ತುಂಬುವಷ್ಟು. ಬಾವಧನ್, ಬಾಣೇರ್‌ನ ಮಕ್ಕಳಿಗೆ ಟ್ಯಾಂಕರ್ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ, ಬೇಸಿಗೆಯಿಡೀ ಸೊಸೈಟಿಯ ಗೇಟಿನಲ್ಲಿ ಸಾಲು ನಿಂತಿರುತ್ತವೆ.

ಈಗ ಏಪ್ರಿಲ್‌ನಲ್ಲಿ ಮೂರೂ ಜಾಗ ನೋಡಿ. ಮೇಲೆ ಹಳ್ಳ ಒಣಗಿ ಬರೀ ಕಲ್ಲು. ಕೆಳಗೆ ನೀರು ಹರಿಯುತ್ತಲೇ ಇದೆ. ಮಳೆ ಇಲ್ಲ, ಒರತೆ ಇಲ್ಲ, ಹಾಗಾದರೆ ಇದು ಎಲ್ಲಿಯ ನೀರು? ಈ ಪ್ರಶ್ನೆಯನ್ನು ಹಿಡಿದುಕೊಂಡು ಮಕ್ಕಳು ಮನೆಗೆ ಹೋಗಲಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರದ ಲೆಕ್ಕ. ಅದರಲ್ಲಿ ಸುಮಾರು ಶೇ. 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ. ನಾಲ್ಕು ಜನರ ಮನೆಯಿಂದ ದಿನಕ್ಕೆ 432 ಲೀಟರ್. ತಮ್ಮ ಮನೆಯಲ್ಲಿ ಎಷ್ಟು ಬಕೆಟ್ ಆಗುತ್ತದೆಂದು ಒಂದು ದಿನ ಎಣಿಸಿ ತರಲಿ. ಶೆಡ್ಡಿನ ಮಕ್ಕಳ ಲೆಕ್ಕ ಫ್ಲ್ಯಾಟಿನ ಮಕ್ಕಳ ಲೆಕ್ಕಕ್ಕಿಂತ ಬಹಳ ಕಡಿಮೆ ಬರುತ್ತದೆ. ಎರಡನ್ನೂ ಒಂದೇ ಬೋರ್ಡಿನ ಮೇಲೆ ಬರೆಯಿರಿ, ಯಾರ ಹೆಸರನ್ನೂ ಬರೆಯಬೇಡಿ. ನದಿ ಕೆಡಿಸುವವರು ಬಡವರು ಎಂಬ ಮಾತು ದೊಡ್ಡವರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಬೋರ್ಡಿನ ಮೇಲಿನ ಅಂಕಿ ಬೇರೆ ಹೇಳುತ್ತದೆ, ಅದನ್ನು ಮಕ್ಕಳು ನೋಡಲಿ.

ಮಕ್ಕಳ ಕೈಯಲ್ಲಿ ಆಗುವ ಕೆಲಸ

ಕೊಳಚೆ ಪೈಪು ಕಟ್ಟುವುದು ಮಕ್ಕಳ ಕೆಲಸವಲ್ಲ. ಆದರೆ ದಿನಾಂಕ, ಜಾಗ, ಹರಿವು, ನೀಲಿ ಬಣ್ಣ ಹೋಗಲು ಹಿಡಿದ ಗಂಟೆ, ಫೋಟೊ ಇವಿಷ್ಟನ್ನೂ ಒಂದೇ ಪುಟದಲ್ಲಿ ಬರೆದು, ಯಾವ ಪೈಪು ಎಲ್ಲಿ ನದಿಗೆ ಬೀಳುತ್ತಿದೆ ಎಂದು ನಕಾಶೆ ಹಚ್ಚಿ ಮಹಾನಗರಪಾಲಿಕೆಯ ಕ್ಷೇತ್ರೀಯ ಕಾರ್ಯಾಲಯಕ್ಕೆ ಕೊಡಬಹುದು. ಪತ್ರ ಮರಾಠಿಯಲ್ಲಿರಲಿ, ಮಕ್ಕಳೇ ಬರೆಯಲಿ, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ‘ನದಿ ಉಳಿಸಿ’ ಎಂಬ ಬೇಡಿಕೆಗಿಂತ ಒಂದು ಪೈಪಿನ ಬಗ್ಗೆ ಬರೆದ ಪತ್ರಕ್ಕೆ ಉತ್ತರ ಕೇಳುವುದು ಸುಲಭ.

ಗಣಪತಿ ಹಬ್ಬ ನಮ್ಮ ಕೈಯಲ್ಲೇ ಇದೆ. ಶಾಡೂ ಎಂಬ ಜೇಡಿಮಣ್ಣಿನ ಮೂರ್ತಿ ಮಕ್ಕಳೇ ಮಾಡಲಿ. ಮನೆಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ತಂದಿದ್ದರೆ, ಅದನ್ನು ಅಮೋನಿಯಂ ಬೈಕಾರ್ಬೊನೇಟ್ ನೀರಿನಲ್ಲಿ ಕರಗಿಸುವ ವಿಧಾನವನ್ನು ರೂಪಿಸಿದ್ದು ಇದೇ ಪಾಷಾಣದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ. ಪುಣೆ ಮಹಾನಗರಪಾಲಿಕೆ ಈ ಪುಡಿಯನ್ನು ಹಬ್ಬದ ಹೊತ್ತಿಗೆ ಜನರಿಗೆ ಹಂಚಿದೆ. ಬಕೆಟ್ಟಿನಲ್ಲಿ ಮೂರ್ತಿ ಮುಳುಗುವಷ್ಟು ನೀರು, ಪುಡಿ, ದಿನಕ್ಕೆ ಎರಡು ಮೂರು ಸಲ ಕೋಲಿನಿಂದ ಕೆದಕುವುದು. ಚಿಕ್ಕ ಮೂರ್ತಿ ಸುಮಾರು ಎರಡು ದಿನದಲ್ಲಿ ಕರಗುತ್ತದೆ. ತಳದಲ್ಲಿ ಕುಳಿತದ್ದು ಕ್ಯಾಲ್ಸಿಯಂ ಕಾರ್ಬೊನೇಟ್, ಮೇಲಿನ ನೀರಲ್ಲಿರುವುದು ಅಮೋನಿಯಂ ಸಲ್ಫೇಟ್, ಅಂದರೆ ಗೊಬ್ಬರ. ನೀರು ಬೆರೆಸಿ ತೆಳುಮಾಡಿ ಗಿಡಕ್ಕೆ ಹಾಕಬಹುದು. ಅಮೋನಿಯಾ ವಾಸನೆ ಬರುವುದರಿಂದ ಬಾಲ್ಕನಿಯಲ್ಲೋ ಅಂಗಳದಲ್ಲೋ ಮಾಡಿ. ಎಂಟನೇ ತರಗತಿಯ ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತಿಳಿದಿಲ್ಲ. ಹೂವು, ಗರಿಕೆಯ ನಿರ್ಮಾಲ್ಯ ಶಾಲೆಯ ಗೊಬ್ಬರದ ಗುಂಡಿಗೆ.

ಗಿಡ ನೆಡುವ ಮೊದಲು ನೀಲಿ ರೇಖೆ, ಕೆಂಪು ರೇಖೆ ತೋರಿಸಿ. ಮಹಾರಾಷ್ಟ್ರದಲ್ಲಿ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ ಮುಟ್ಟುವ ಎತ್ತರಕ್ಕೆ ನೀಲಿ ರೇಖೆ, ನೂರು ವರ್ಷಕ್ಕೊಮ್ಮೆಯದಕ್ಕೆ ಕೆಂಪು ರೇಖೆ. ಎಳೆಯ ಸಸಿಯನ್ನು ನೀರಿನ ಅಂಚಿಗೇ ನೆಟ್ಟರೆ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಅಂಚಿಗೆ ಲಾವಂಚ, ಅದರ ಮೇಲೆ ಮರಾಠಿಯಲ್ಲಿ ವಾಳುಂಜ ಎನ್ನುವ ಹೊಳೆದಂಡೆಯ ಮರ, ಇಳಿಜಾರಿನ ಮೇಲ್ಭಾಗಕ್ಕೆ ಹೊಂಗೆ, ಅತ್ತಿ, ನೇರಳೆ, ಹೊಳೆಮತ್ತಿ. ಸುಬಾಬುಲ್, ಗ್ಲಿರಿಸಿಡಿಯಾ ಬೇಡ, ಅವು ಬೇಗ ಬೆಳೆದು ಉಳಿದದ್ದನ್ನು ಏಳಗೊಡುವುದಿಲ್ಲ. ನರ್ಸರಿಯಿಂದ ತರುವುದಕ್ಕಿಂತ ಬೇಸಿಗೆಯಲ್ಲಿ ಮಕ್ಕಳೇ ಹೊಂಗೆಕಾಯಿ ಆರಿಸಿ, ತೊಳೆದ ಹಾಲಿನ ಪ್ಯಾಕೆಟ್ಟಿಗೆ ಮಣ್ಣು ತುಂಬಿ ಬೀಜ ಊರಲಿ. ನೆಡುವುದು ಜುಲೈಯಲ್ಲಿ, ಮಳೆ ಬಿಡುವು ಕೊಟ್ಟ ದಿನ, ದೊಡ್ಡವರ ಕೈಯಲ್ಲಿ. ಮಕ್ಕಳು ಮೇಲಿನ ರಸ್ತೆಯಲ್ಲಿ ನಿಂತು ಸಸಿ ಕೊಡಲಿ.

ಎಲ್ಲವನ್ನೂ ಒಂದೇ ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯಿಸಿ, ಬಿಡಿ ಹಾಳೆ ಬೇಡ. ಜೂನ್‌ನಲ್ಲಿ ಶಾಲೆ ತೆರೆದಾಗ ಏಳನೇ ತರಗತಿಯವರು ಹೊಸ ಆರನೇ ತರಗತಿಯವರಿಗೆ ಈ ಪುಸ್ತಕ, ಗಂಟಿನ ಹಗ್ಗ, ಬಕೆಟ್, ನಾಲ್ಕು ಬಾಟಲಿ ಒಪ್ಪಿಸಿ, ಮೂರು ಜಾಗ ಯಾವುವು, ಬಾಟಲಿಗೆ ಎಷ್ಟು ಹನಿ ನೀಲಿ ಎಂದು ಬಾಯಲ್ಲಿ ಹೇಳಿಕೊಡಲಿ. ಕಾರ್ಯಾಲಯದಿಂದ ಉತ್ತರ ಬಾರದ ಪತ್ರಗಳ ಪ್ರತಿ ಪುಸ್ತಕದ ಹಿಂದಿನ ಲಕೋಟೆಯಲ್ಲಿರಲಿ. ಹೊಸಬರ ಮೊದಲ ಪತ್ರದಲ್ಲಿ ಹಳೆಯದರ ದಿನಾಂಕ ಬರೆಯಬೇಕಾಗುತ್ತದೆ.